ನಡಾವಳಿಗೆ ಬಾರದ್ದು

ಜುಲೈ ಚಳಿ, ಮೊಂಟೆವಿಡಿಯೊ.
ಕಡಲೋ ಹೊಳೆಯೋ ಇನ್ನೂ ತೀರ್ಮಾನಿಸದ ನೀರು
ಕಿಟಕಿಯಾಚೆ ಕಂದಾಗಿ ಮಲಗಿದೆ.
ನಗರಪಾಲಿಕೆಯ ಮೂರನೇ ಮಹಡಿ, ಹದಿನೇಳನೇ ಕೋಣೆ.
ನಾನು ನೀಬಿಯಾ,
ಆಡಿದ್ದನ್ನು ಆಡಿದ ಹಾಗೆ ಬರೆಯುವವಳು.
ಸಂಬಳ ಅಷ್ಟಕ್ಕೇ.
ಕೆಮ್ಮು ಬರೆಯುವಂತಿಲ್ಲ, ನಿಟ್ಟುಸಿರು ಬರೆಯುವಂತಿಲ್ಲ.

ವ್ಯಾಜ್ಯ ಇಷ್ಟೆ: ಹನ್ನೆರಡು ನಿಮಿಷ.
ಒಳಚರಂಡಿಯಿಂದ ಮೇಲೆ ಬಂದವನು
ಬೂಟು ಕಳಚಿ, ಮೈ ತಿಕ್ಕಿ,
ಉಗುರಸಂದಿಯಿಂದ ಊರನ್ನು ಕೆರೆದು ತೆಗೆದು
ಮನುಷ್ಯನಾಗಿ ಬಸ್ಸು ಹತ್ತುವ ತನಕದ ಹೊತ್ತು
ಯಾರದು?
ದುಡಿಮೆಯದು, ಎಂದಿತು ಸಂಘ. ಓವರ್‌ಟೈಮು,
ಒಂದಕ್ಕೆರಡು ಕೂಲಿ.
ಸ್ನಾನ ಖಾಸಗಿ, ಎಂದರು ಪಾಲಿಕೆಯ ವಕೀಲ ಇರಿಬಾರ್ನೆ.
"ನಾನೂ ದಿನಾ ಮೀಯುತ್ತೇನೆ, ಯಾರಿಗೂ ಬಿಲ್ಲು ಕಳಿಸಿಲ್ಲ."
ನಕ್ಕರು.
ನಗುವನ್ನೂ ಬರೆಯುವಂತಿಲ್ಲ.

ಸಂಘದ ಎಲ್ಬಿಯೊ
ಮಗಳ ಹಳೇ ಚೌಕುಳಿ ಪುಸ್ತಕದಲ್ಲಿ ಲೆಕ್ಕ ತಂದಿದ್ದ:
ಎಂಬತ್ತಮೂರು ಹೆಸರು, ದಿನಕ್ಕೆ ಹನ್ನೆರಡು, ವರ್ಷ ಎರಡು.
ಒಂದು ಪುಟದಲ್ಲಿ ಗುಣಾಕಾರ ತಪ್ಪಿತ್ತು.
ವಕೀಲರು ಆ ತಪ್ಪಿನ ಮೇಲೇ
ಮುಕ್ಕಾಲು ಗಂಟೆ ಕಾಲು ಚಾಚಿ ಕೂತರು.
ಮೂರು ಬೈಠಕ್ಕು ಹೀಗೇ,
ಕಾಗದ ಕಾಗದವನ್ನು ನೆಕ್ಕುತ್ತ.

ನಾಲ್ಕನೆಯದಕ್ಕೆ ಅವರು ಮೀಯದೆ ಬಂದರು.
ಏಳು ಮಂದಿ, ನೇರ ಗುಂಡಿಯಿಂದ.

ಮೊದಲು ಬಂದದ್ದು ವಾಸನೆ.
ಅಪ್ಪಣೆ ಕೇಳದೆ ಅಧ್ಯಕ್ಷೆಯ ಪಕ್ಕ ಕುರ್ಚಿ ಎಳೆದು ಕೂತಿತು.
ಊರು ಉಂಡದ್ದು, ಊರು ಕಕ್ಕಿದ್ದು,
ಭಾನುವಾರ ಸುಟ್ಟ ಮಾಂಸದ ಜಿಡ್ಡು,
ಯಾರದೋ ಬಾಣಂತಿಕೋಣೆ, ಯಾರದೋ ಭೇದಿ,
ವಕೀಲರ ಮನೆಯ ಶಾಂಪೂ ಇದ್ದರೂ ಇದ್ದೀತು.

ಎಲ್ಬಿಯೊ ಆಡಿದ್ದು ಒಂದೇ ಮಾತು:
"ಖಾಸಗಿ ಅಂದಿರಲ್ಲ ಸ್ವಾಮಿ,
ಇದು ನಮ್ಮದಲ್ಲ. ನಿಮ್ಮದು.
ವಾಪಸ್ಸು ತಂದಿದ್ದೇವೆ, ಎಣಿಸಿಕೊಳ್ಳಿ."

ಇರಿಬಾರ್ನೆ ಕಿಟಕಿಗೆ ಹೋದರು, ಕಿಟಕಿ ತೆರೆಯಲಿಲ್ಲ.
ಬಣ್ಣ ಬಳಿದು ಕಚ್ಚಿಹೋದದ್ದು. ರಿಪೇರಿಯವರು ಬರುವುದಿಲ್ಲ,
ಬಾಕಿ ಕೂಲಿಗಾಗಿ ಅವರೂ ಹೊರಗೆ ಕೂತು
ಇವತ್ತಿಗೆ ಹನ್ನೊಂದು ದಿನ.

"ಬರೆದುಕೊಂಡಿರಾ?" ಅಧ್ಯಕ್ಷೆ ಕೇಳಿದರು.
ಏನಂತ ಬರೆಯಲಿ?
'ಕಾರ್ಮಿಕರ ಕಡೆಯಿಂದ ಹೊಸ ಸಾಕ್ಷ್ಯ ಹಾಜರು' ಎಂದೆ.
ಕಣ್ಣಲ್ಲಿ ನೀರಿತ್ತು. ದುಃಖ ಅಂದುಕೊಳ್ಳಬೇಡಿ,
ಗಾಳಿ ಅಷ್ಟು ಖಾರ.

ಎಲ್ಲರಿಗಿಂತ ಕಿರಿಯ ಮೈಕೋಲ್.
ಕುರ್ಚಿ ಹೊಲಸಾದೀತೆಂದು ನಿಂತೇ ಇದ್ದ.
ಆಮೇಲೆ ಯಾರೋ ಬಿಟ್ಟುಹೋದ ಪತ್ರಿಕೆ ಬಿಚ್ಚಿ,
ಹಾಸಿ, ತುದಿಯಲ್ಲಿ ಕೂತ.
ಸೋರೆಬುರುಡೆಯಲ್ಲಿ ಯೆರ್ಬಾ ಎಲೆಯ ಬಿಸಿ ಕಷಾಯ
ಕೈಯಿಂದ ಕೈಗೆ ಸುತ್ತುತ್ತಿತ್ತು.
ಒಂದೇ ಬುರುಡೆ, ಒಂದೇ ಕೊಳವೆ, ಇಲ್ಲಿ ಎಲ್ಲರಿಗೂ ಹಾಗೇ.
ಅಧ್ಯಕ್ಷೆ ಅಭ್ಯಾಸಬಲದಿಂದ ಅವನತ್ತ ಚಾಚಿದರು.
ಕೈ ನಡುದಾರಿಯಲ್ಲಿ ನಿಂತಿತು.
ಅವನೇ ಕೈ ಹಿಡಿದವನಂತೆ ಮೆಲ್ಲಗೆ ಅಂದ:
"ಬೇಡ ಸೆನ್ಯೋರಾ.
ನನಗೆ ಇನ್ನೂ ಹನ್ನೆರಡು ನಿಮಿಷ ಬಾಕಿಯಿದೆ."

ಅದನ್ನು ಬರೆದೆ. ಅಕ್ಷರಕ್ಕೆ ಅಕ್ಷರ.

ತೀರ್ಪು ಬಂತು: ಒಂಬತ್ತು ನಿಮಿಷ.
ಉಳಿದ ಮೂರು
'ದೇಹದ ಸ್ವಂತ ಖರ್ಚು' ಅಂತೆ.
ಗೆದ್ದೆವೆಂದು ಕೆಲವರು, ಸೋತೆವೆಂದು ಕೆಲವರು
ಮೆಟ್ಟಿಲ ಮೇಲೆ ಜಗಳಾಡುತ್ತ ಇಳಿದರು.
ಏಳೂ ನಲವತ್ತು.
ನನ್ನ ಹೊತ್ತು ಮುಗಿದದ್ದು ಐದಕ್ಕೆ.
ಗುಮಾಸ್ತರ ಓವರ್‌ಟೈಮಿಗೆ ಮುಂಚಿತ ಲಿಖಿತ ಅನುಮತಿ ಬೇಕು.
ಆ ನಿಯಮದ ಪ್ರತಿ ತೆಗೆದವಳೂ ನಾನೇ.

ಬಸ್ಸಿನಲ್ಲಿ ನನ್ನ ಪಕ್ಕದ ಹೆಂಗಸು
ಎದ್ದು ಹಿಂದಕ್ಕೆ ಹೋದಳು.
ಮನೆಗೆ ಬಂದು ಗಡಿಯಾರ ನೋಡಿ ನೀರಿಗಿಳಿದೆ.
ಕೂದಲಿಗೆ ಎರಡು ಸಲ ಸೋಪು.
ಹದಿನಾಲ್ಕು ನಿಮಿಷ.

ಬೆಳಿಗ್ಗೆ ಸಂಘದ ಕಚೇರಿಗೆ ಹೋಗಿ
ಆ ಚೌಕುಳಿ ಪುಸ್ತಕ ಕೇಳಿದೆ,
ಗುಣಾಕಾರ ತಿದ್ದಬೇಕು, ಎಂದೆ.
ತಿದ್ದಿದೆ.
ಎಂಬತ್ತಮೂರನೇ ಹೆಸರಿನ ಕೆಳಗೆ
ಒಂದು ಸಾಲಿಗೆ ಜಾಗವಿತ್ತು.
ಎಲ್ಬಿಯೊ ಪೆನ್ನು ಕೊಟ್ಟು
ಬೇರೆ ಕಡೆ ನೋಡಿದ.